ಕೆಂಪು ದೀಪ ಹತ್ತಿದ ಮೇಲೆ

ರಾಜ್ಯಶಾಸ್ತ್ರದ ಮೊದಲ ಕೋರ್ಸಿನಲ್ಲಿ ‘ಸಿ’ ದರ್ಜೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪಾಸಾಯಿತಲ್ಲ ಬಿಡು, ಅನ್ನುತ್ತೇವೆ. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ತಮ್ಮ ಹತ್ತು ವರ್ಷಗಳ ಅಂಕಗಳನ್ನು ಕಂಪ್ಯೂಟರಿಗೆ ಹಾಕಿ ಜಾಲಾಡಿದಾಗ ಕಂಡದ್ದೇ ಬೇರೆ. ಆ ವಿಷಯ ಆರಿಸಿಕೊಂಡು ಮೊದಲ ಕೋರ್ಸಿನಲ್ಲಿ ಒಳ್ಳೆಯ ದರ್ಜೆ ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಪದವಿ ಮುಗಿಸಿದ್ದರು. ‘ಸಿ’ ಪಡೆದವರಲ್ಲಿ ಕಾಲು ಪಾಲು. 2012ರಿಂದ ಅಲ್ಲಿ ಇಂಥ 800ಕ್ಕೂ ಹೆಚ್ಚು ಸೂಚನೆಗಳನ್ನು ಯಂತ್ರ ದಿನವೂ ಗಮನಿಸುತ್ತದೆ.

ಈ ಕಥೆ ಕೇಳಿದ ಆಡಳಿತಗಾರರಿಗೆಲ್ಲ ಆಸೆ ಹುಟ್ಟುವುದು ಸಾಫ್ಟ್‌ವೇರಿನ ಮೇಲೆ. ಅದೇ ಹೊತ್ತಿಗೆ ಜಾರ್ಜಿಯಾ ಸ್ಟೇಟ್‌ನವರು ನಲವತ್ತರಷ್ಟು ಸಲಹೆಗಾರರನ್ನು ಹೊಸದಾಗಿ ನೇಮಿಸಿಕೊಂಡಿದ್ದರು ಎಂಬುದು ಯಾರ ಕಿವಿಗೂ ಬೀಳುವುದಿಲ್ಲ. ಅದಕ್ಕೂ ಮುಂಚೆ, 2011ರಲ್ಲೇ, ಕೆಲವು ನೂರು ಡಾಲರ್ ಶುಲ್ಕ ಬಾಕಿಯಿದ್ದ ಕಾರಣಕ್ಕೆ ಹೆಸರು ಹೊಡೆಸಿಕೊಳ್ಳಲಿದ್ದವರ ಖಾತೆಗೆ ವಿಶ್ವವಿದ್ಯಾಲಯವೇ ಹಣ ತುಂಬಲು ಶುರುಮಾಡಿತ್ತು. ಬಾಕಿ ಎಷ್ಟೆಂದು ಯಂತ್ರಕ್ಕೆ ಮೊದಲಿಂದಲೂ ಗೊತ್ತಿತ್ತು. ಕೊಡೋಣ ಅನ್ನಲು ಒಬ್ಬ ಮನುಷ್ಯ ಬೇಕಾಯಿತು.

ಅಪಾಯದ ಕೆಂಪು ದೀಪ ಹತ್ತಿಸುವ ಯಂತ್ರದ ಲೆಕ್ಕವೂ ನಿರಪಾಯವೇನಲ್ಲ. ಅಮೆರಿಕದ ಕೆಲವು ದೊಡ್ಡ ವಿಶ್ವವಿದ್ಯಾಲಯಗಳು ಇಂಥ ಅಂದಾಜಿನಲ್ಲಿ ವಿದ್ಯಾರ್ಥಿಯ ಜನಾಂಗವನ್ನೂ ಸೇರಿಸಿದ್ದನ್ನು ‘ದಿ ಮಾರ್ಕಪ್’ ಪತ್ರಿಕೆ 2021ರಲ್ಲಿ ಬಯಲಿಗೆಳೆಯಿತು. ಬಣ್ಣ ನೋಡಿಯೇ ಅಪಾಯವೆಂದು ಗುರುತು ಹಾಕಿದರೆ, ‘ನಿನಗೆ ಗಣಿತ ಬೇಡಮ್ಮ, ಸುಲಭದ್ದೇನಾದರೂ ತಗೋ’ ಎಂಬ ಹಳೆಯ ಮಾತನ್ನೇ ಯಂತ್ರದ ಬಾಯಲ್ಲಿ ಆಡಿಸಿದಂತೆ. ನಮ್ಮ ಅರ್ಜಿಗಳಲ್ಲಿ ಜಾತಿಯ ಕಾಲಮ್ಮಿದೆ. ಅದು ಇರುವುದು ಮೀಸಲಾತಿಗೆ, ವಿದ್ಯಾರ್ಥಿವೇತನಕ್ಕೆ, ಭವಿಷ್ಯ ಹೇಳುವುದಕ್ಕಲ್ಲ.

ಕರ್ನಾಟಕದಲ್ಲಿ 2021-22ರಿಂದ ಯುಯುಸಿಎಂಎಸ್ ಎಂಬ ಒಂದೇ ಪೋರ್ಟಲ್ಲಿಗೆ ಪ್ರವೇಶ, ಪರೀಕ್ಷೆ, ಫಲಿತಾಂಶಗಳು ಬಂದು ಸೇರತೊಡಗಿದವು. ಒಳ್ಳೆಯದೇ, ಚಲನ್ ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆದವರಿಗೆ ಅದರ ಬೆಲೆ ಗೊತ್ತು. ಆದರೆ ಹಾಜರಿಯಂಥ ಮಾಹಿತಿಯನ್ನು ನಾವು ಇಂದಿಗೂ ಬಹುಪಾಲು ಬಳಸುವುದು ಬಾಗಿಲು ಹಾಕುವುದಕ್ಕೆ. ಶೇ. 75 ತುಂಬಲಿಲ್ಲವೇ, ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಹೆಸರು, ಹಾಲ್ ಟಿಕೆಟ್ ಇಲ್ಲ. ಮೂರನೆಯ ವಾರಕ್ಕೇ ಸುಳಿವು ಕೊಡಬಲ್ಲ ಲೆಕ್ಕ ಹದಿನಾರನೆಯ ವಾರದಲ್ಲಿ ತೀರ್ಪು ಕೊಡುತ್ತದೆ.

ಮೂರನೆಯ ವಾರದಲ್ಲೇ ಯಾರಾದರೂ ಒಂದು ಫೋನ್ ಮಾಡಿದ್ದರೆ ಹಾಲ್ ಟಿಕೆಟ್ ಸಿಗದ ಹುಡುಗಿ ಹೇಳುತ್ತಿದ್ದಳು: ಊರಿನ ಮೊದಲ ಬಸ್ಸು ಪೇಟೆ ಮುಟ್ಟುವುದೇ ಒಂಬತ್ತೂವರೆಗೆ ಸರ್, ಪೀರಿಯಡ್ಡು ಒಂಬತ್ತಕ್ಕೆ.