ಒಂದೇ ಬೋರ್ಡಿಗೆ ಮೂರು ಡಿಮ್ಮರ್: ಮಂಕು ಬೆಳಕಿನ ಹಿಂದೆ ಮೃತ್ಯು!

ಜವಳಿ ಅಂಗಡಿ ಇರಲಿ, ಕಲ್ಯಾಣ ಮಂಟಪ ಇರಲಿ, ಈಗ ಬರೀ ಬೆಳಕು ಸಾಲದು. ಬೇಕೆಂದಾಗ ಝಗಝಗ, ಬೇಡವೆಂದಾಗ ಮಂಕು. ಗುಂಡಿ ತಿರುಗಿಸಿದರೆ ಆಯ್ತು. ಡಿಮ್ಮರ್ ಎನ್ನುವ ಈ ಗುಂಡಿ ಫ್ಯಾನ್ ರೆಗ್ಯುಲೇಟರಿನ ಜಾತಿಯದೇ. ಒಂಟಿಯಾಗಿದ್ದರೆ ಅದರಿಂದ ಅಂಥ ತಂಟೆಯಿಲ್ಲ. ಆದರೆ ಹಾಲಿನ ದೀಪ, ಶೋಕೇಸಿನ ದೀಪ, ಬಾಗಿಲ ದೀಪ ಮೂರಕ್ಕೂ ಗಲ್ಲಾದ ಪಕ್ಕದಲ್ಲೇ, ಒಂದೇ ಬೋರ್ಡಿನಲ್ಲಿ ಡಿಮ್ಮರ್ ಬೇಕು ಎಂದಾಗ ಶುರುವಾಗುತ್ತೆ ರಗಳೆ.

ಮೂರು ದೀಪಸಾಲಿಗೆ ಮೂರು ಸರ್ಕ್ಯೂಟು, ಮೂರು ಎಂಸಿಬಿ. ಒಂದು ಡಿಮ್ಮರ್ ಕೆಟ್ಟಿತು ಎನ್ನಿ. ರಿಪೇರಿಗೆ ಬಂದ ಹುಡುಗ ಒಂದು ಎಂಸಿಬಿ ಇಳಿಸುತ್ತಾನೆ. ದೀಪ ಆರುತ್ತೆ. 'ಕರೆಂಟ್ ಹೋಯ್ತು' ಅಂತ ಡಬ್ಬಿಗೆ ಕೈ ಹಾಕುತ್ತಾನೆ. ಉಳಿದೆರಡು ತಂತಿಯಲ್ಲಿ ಕರೆಂಟ್ ಇದ್ದೇ ಇದೆ! ಅವು ಬೇರೆ ಬೇರೆ ಫೇಸಿನವಾದರೆ ನಡುವೆ ಇರೋದು 230 ವೋಲ್ಟ್ ಅಲ್ಲ, ಸುಮಾರು 400.

ಇನ್ನು ನ್ಯೂಟ್ರಲ್ ಕಥೆ. ತಂತಿ ಉಳಿಸಲು ಮೂರು ಸರ್ಕ್ಯೂಟಿಗೂ ಒಂದೇ ನ್ಯೂಟ್ರಲ್ ಎಳೆಯೋದು ಕೆಲವರ ಅಭ್ಯಾಸ. ಮೂರು ಫೇಸಿನ ಕರೆಂಟು ಸಮನಾಗಿದ್ದರೆ ನ್ಯೂಟ್ರಲಿನಲ್ಲಿ ವಜಾ ಆಗುತ್ತೆ ಎಂಬುದು ಹಳೇ ಬಲ್ಬಿನ ಲೆಕ್ಕ. ಡಿಮ್ಮರ್ ಮಾಡೋದೇ ಬೇರೆ. ಅದು ಸೆಕೆಂಡಿಗೆ 100 ಸಲ ಕರೆಂಟನ್ನು ಕತ್ತರಿಸುತ್ತೆ. ಹಾಗೆ ತುಂಡಾದ ಕರೆಂಟಿನ ಒಂದು ಪಾಲು ವಜಾ ಆಗದೆ ನ್ಯೂಟ್ರಲಿನಲ್ಲಿ ಕೂಡುತ್ತಾ ಹೋಗುತ್ತೆ. ಕೆಲವೊಮ್ಮೆ ಫೇಸಿಗಿಂತ ನ್ಯೂಟ್ರಲೇ ಹೆಚ್ಚು ಹೊರುತ್ತೆ. ನ್ಯೂಟ್ರಲಿಗೆ ಫ್ಯೂಸ್ ಹಾಕಕೂಡದು ಎಂಬುದು ನಿಯಮ, ಅದು ಸರಿಯಾದದ್ದೇ. ಹಾಗಾಗಿ ತಂತಿ ಕಾದರೂ ಯಾವ ಎಂಸಿಬಿಯೂ ಬೀಳೋದಿಲ್ಲ. ಗೋಡೆಯೊಳಗೆ ಸದ್ದಿಲ್ಲದೆ ಕಾಯುತ್ತಲೇ ಇರುತ್ತೆ.

ಗೋಡೆಯೊಳಗಿನ ತಂತಿಯನ್ನು ನೋಡೋರು ಯಾರು? 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು, ಹೊಗೆ ಮಹಡಿಗಳಿಗೆ ತುಂಬಿ 9 ಜನ ಸತ್ತರು. ಆಗ ರಾಜ್ಯವೆಲ್ಲ ವೈರಿಂಗಿನ ಮಾತಾಡಿತು. ಆಮೇಲೆ ಮರೆಯಿತು.

ಕಾನೂನು ಇಲ್ಲವೇ? ಇದೆ. 1956ರ ನಿಯಮಗಳಿಂದ ಹಿಡಿದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳವರೆಗೆ ಹೇಳೋದು ಒಂದೇ: ವೈರಿಂಗ್ ಕೆಲಸ ಲೈಸೆನ್ಸ್ ಇದ್ದ ಗುತ್ತಿಗೆದಾರನದು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸೋದಕ್ಕೆ ಮಾತ್ರ ವಿನಾಯ್ತಿ, ಅದೂ ವೈರಿಂಗಿನ ಸ್ವರೂಪ ಬದಲಾಗದಿದ್ದರೆ. ಎಲ್ಲರೂ ನುಸುಳೋದು ಇದೇ ಕಂಡಿಯಲ್ಲಿ. 'ಸ್ವಿಚ್ ತೆಗೆದು ಡಿಮ್ಮರ್ ಹಾಕಿದ್ವಿ, ಅಷ್ಟೇ ಸ್ವಾಮಿ!' ಮೂರು ಸರ್ಕ್ಯೂಟನ್ನು ಎಳೆತಂದು ಒಂದು ಡಬ್ಬಿಗೆ ತುಂಬೋದು ಸ್ವಿಚ್ ಬದಲಿಸಿದ ಹಾಗೆಯೇ?

ಬರೀ ವೈರ್‌ಮ್ಯಾನ್‌ನನ್ನು ಬೈದು ಫಲವಿಲ್ಲ. ಅವನಿಗೆ ಕೂಲಿ ಪಾಯಿಂಟ್ ಲೆಕ್ಕದಲ್ಲಿ. ಇನ್ನೆರಡು ನ್ಯೂಟ್ರಲ್ ಎಳೆದರೆ ದಮ್ಮಡಿ ಹೆಚ್ಚು ಸಿಗೋದಿಲ್ಲ. ಚೌಕಾಸಿ ಮಾಡುವ ಮಾಲೀಕರು ಆ ತಂತಿಯ ಕಾಸು, ಕೂಲಿ ಬೇರೆ ಕೊಟ್ಟರೆ ಕೆಲಸ ತಾನಾಗಿ ನೆಟ್ಟಗಾಗುತ್ತೆ.

ಆಗಬೇಕಾದ್ದು ಇಷ್ಟೇ. ಸರ್ಕ್ಯೂಟಿಗೊಂದು ನ್ಯೂಟ್ರಲ್. ಒಂದು ಡಬ್ಬಿಯಲ್ಲಿ ಒಂದೇ ಫೇಸು. ಒಂದೇ ಡಬ್ಬಿಗೆ ಬರುವ ಸರ್ಕ್ಯೂಟುಗಳೆಲ್ಲ ಒಟ್ಟಿಗೆ ಬೀಳುವಂತೆ ಜೋಡಿಸಿದ ಎಂಸಿಬಿ. ಪಕ್ಕಪಕ್ಕ ಕೂತ ಡಿಮ್ಮರ್ ಬೇಗ ಕಾಯುತ್ತೆ, ಅದಕ್ಕೆ ಗಾಳಿಯಾಡುವ ಜಾಗ.

ಇದೆಲ್ಲ ಆಗುವವರೆಗೆ ಬೋರ್ಡು ಬಿಚ್ಚುವ ಹುಡುಗನನ್ನು ಮಾಲೀಕರು ಒಂದು ಮಾತು ಕೇಳಲಿ: 'ಮೈನ್ ಇಳಿಸಿದೆಯೇನಪ್ಪಾ?'