ಸಾಲ ಸಿಕ್ಕಿದ ಮಾತ್ರಕ್ಕೆ ಕಟ್ಟಡ ಸಕ್ರಮವಲ್ಲ

ಮೀರಾರೋಡ್, ವಸಾಯಿ, ವಿರಾರ್, ಡೊಂಬಿವಲಿ, ಕಲ್ಯಾಣ್, ಪನ್ವೇಲ್ ಪರಿಸರಗಳಲ್ಲಿ ಹೊಸ ವಸತಿ ಸಂಕೀರ್ಣಗಳು ಒಂದರ ಹಿಂದೊಂದರಂತೆ ತಲೆಯೆತ್ತುತ್ತಿವೆ. ಹೊಟೇಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿದು ಚಾಳಿನ ಕೋಣೆಯಲ್ಲೋ ಬಾಡಿಗೆ ಮನೆಯಲ್ಲೋ ದಿನ ಕಳೆದ ನಮ್ಮ ತುಳು-ಕನ್ನಡಿಗರು ಸ್ವಂತ ಮನೆಗಾಗಿ ಈ ಊರುಗಳತ್ತ ಮುಖ ಮಾಡಿದ್ದು ಇಂದು ನಿನ್ನೆಯಲ್ಲ. ಆದರೆ ಈಗ ಮನೆ ಕೊಳ್ಳುವ ಕ್ರಮ ಬದಲಾಗಿದೆ. ಸ್ಯಾಂಪಲ್ ಫ್ಲ್ಯಾಟ್ ನೋಡಿ ಹೊರಬರುವಷ್ಟರಲ್ಲಿ ಬಿಲ್ಡರನ ಕಚೇರಿಯಲ್ಲೇ ಲೋನ್ ಏಜೆಂಟ್ ಕಾದಿರುತ್ತಾನೆ. ‘ಪ್ರಾಜೆಕ್ಟಿಗೆ ಬ್ಯಾಂಕಿನ ಅಪ್ರೂವಲ್ ಇದೆ, ನೀವು ಸಹಿ ಹಾಕಿದರೆ ಸಾಕು’ ಎಂಬ ಒಂದೇ ಮಾತಿಗೆ ಜೀವಮಾನದ ಉಳಿತಾಯ ಕೈ ಬದಲಾಗುತ್ತದೆ. ಈ ಮಾತಿನ ತೂಕವೆಷ್ಟು ಎಂಬುದನ್ನು ಅಳೆದು ನೋಡುವ ಕಾಲ ಬಂದಿದೆ.

2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಕಲ್ಯಾಣ್-ಡೊಂಬಿವಲಿ ಪಾಲಿಕೆ ವ್ಯಾಪ್ತಿಯ 65 ಕಟ್ಟಡಗಳನ್ನು ಕೆಡವಲು ಆದೇಶಿಸಿತು. ಪಾಲಿಕೆಯ ಪರವಾನಗಿ ಪತ್ರಗಳನ್ನೇ ನಕಲಿ ಮಾಡಿ, ಅವುಗಳ ಆಧಾರದಲ್ಲಿ ಮಹಾರೇರಾ ನೋಂದಣಿಯನ್ನೂ ಪಡೆದ ಕಟ್ಟಡಗಳಿವು. ಅಲ್ಲಿ ಮನೆ ಕೊಂಡವರಲ್ಲಿ ಬಹಳಷ್ಟು ಮಂದಿ ಬ್ಯಾಂಕ್ ಸಾಲ ಪಡೆದವರು. ರೇರಾ ನಂಬರ್ ಇದೆ, ಬ್ಯಾಂಕು ಸಾಲ ಕೊಟ್ಟಿದೆ, ಇನ್ನೇನು ಬೇಕು ಎಂದೇ ಅವರು ನಂಬಿದ್ದರು. ನಾಲಾಸೋಪಾರದಲ್ಲಿ ಮೀಸಲು ಜಾಗದ ಮೇಲೆ ಎದ್ದಿದ್ದ 41 ಅಕ್ರಮ ಕಟ್ಟಡಗಳನ್ನು ವಸಾಯಿ-ವಿರಾರ್ ಪಾಲಿಕೆಯು 2025ರ ಆರಂಭದ ಹೊತ್ತಿಗೆ ನೆಲಸಮ ಮಾಡಿತು. ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದವು.

ಕಟ್ಟಡ ಬಿದ್ದರೂ ಸಾಲ ಬೀಳುವುದಿಲ್ಲ ಎಂಬುದೇ ಇಲ್ಲಿನ ಕ್ರೂರ ಸತ್ಯ. ಗೃಹ ಸಾಲಕ್ಕೆ ಮನೆ ಅಡವು ಮಾತ್ರ, ಸಾಲ ತೀರಿಸುವ ಹೊಣೆ ಸಹಿ ಹಾಕಿದವನದು. ಅಡವಿಟ್ಟ ಗೋಡೆ ಇಲ್ಲದಾದರೂ ತಿಂಗಳ ಕಂತು ನಿಲ್ಲುವುದಿಲ್ಲ.

ಹಾಗಾದರೆ ಬ್ಯಾಂಕಿನ ಅಪ್ರೂವಲ್ ಎಂದರೇನು? ಬ್ಯಾಂಕು ತನ್ನ ಪ್ಯಾನೆಲ್ಲಿನ ವಕೀಲರಿಂದ ಜಾಗದ ದಾಖಲೆಗಳನ್ನು ಪರಿಶೀಲಿಸುತ್ತದೆ, ವ್ಯಾಲ್ಯುಯರ್‌ನಿಂದ ಬೆಲೆ ಕಟ್ಟಿಸುತ್ತದೆ. ಇದು ಬ್ಯಾಂಕು ತನ್ನ ಹಣದ ಸಲುವಾಗಿ ಮಾಡಿಕೊಳ್ಳುವ ತಪಾಸಣೆಯೇ ಹೊರತು ಗ್ರಾಹಕನಿಗೆ ನೀಡುವ ಗ್ಯಾರಂಟಿಯಲ್ಲ. ಮುಂದಿಟ್ಟ ಕಾಗದವೇ ನಕಲಿಯಾಗಿದ್ದು, ಅದನ್ನು ನೀಡಿದ ಕಚೇರಿಗೆ ಹೋಗಿ ಯಾರೂ ತಾಳೆ ನೋಡದಿದ್ದರೆ ವಕೀಲರ ವರದಿಯೂ ದಾರಿ ತಪ್ಪುತ್ತದೆ.

ಇನ್ನು ಏಜೆಂಟನ ವಿಚಾರ. ಬ್ಯಾಂಕುಗಳ ಭಾಷೆಯಲ್ಲಿ ಈತ ಡಿಎಸ್ಎ, ಅಂದರೆ ಡೈರೆಕ್ಟ್ ಸೆಲ್ಲಿಂಗ್ ಏಜೆಂಟ್. ಈತನಿಂದ ಉಪಯೋಗವೇ ಇಲ್ಲವೆಂದಲ್ಲ. ರಜೆ ಸಿಗದ ನೌಕರನ ಪರವಾಗಿ ಫೈಲು ಓಡಿಸುತ್ತಾನೆ, ಯಾವ ಬ್ಯಾಂಕಿಗೆ ಯಾವ ಕಾಗದ ಬೇಕೆಂದು ಬಲ್ಲ. ಸಣ್ಣ ಹೊಟೇಲು, ಪಾನ್ ಅಂಗಡಿ ನಡೆಸುವವರಿಗೆ ಸಾಲ ಕೊಡುವ ಸಂಸ್ಥೆ ಯಾವುದೆಂಬುದೂ ಅವನಿಗೆ ತಿಳಿದಿರುತ್ತದೆ. ಆದರೆ ಅವನ ಕಮಿಷನ್ ಬರುವುದು ಸಾಲ ಕೊಡುವ ಸಂಸ್ಥೆಯಿಂದ, ಅದೂ ಸಾಲದ ಮೊತ್ತದ ಮೇಲೆ. ಸಾಲ ದೊಡ್ಡದಾದಷ್ಟು ಅವನ ಪಾಲೂ ದೊಡ್ಡದು. ಸಾಲವೇ ಆಗದಿದ್ದರೆ ಅವನಿಗೆ ಏನೂ ಇಲ್ಲ. ಬಿಲ್ಡರನ ಕಚೇರಿಯಲ್ಲಿ ಕುಳಿತವನಾದರೆ ಬಿಲ್ಡರನ ಮರ್ಜಿಯನ್ನೂ ಕಾಯಬೇಕು. ‘ಈ ಕಟ್ಟಡ ಬೇಡ, ಇನ್ನೊಂದು ನೋಡಿ’ ಎಂದು ಹೇಳುವುದರಿಂದ ಅವನಿಗೆ ಲಾಭವಿಲ್ಲ. ಫ್ಲ್ಯಾಟ್ ಮಾರುವ ದಲ್ಲಾಳಿ ರೇರಾ ಕಾಯಿದೆಯಡಿ ನೋಂದಣಿ ಮಾಡಿಸಿಕೊಳ್ಳಲೇಬೇಕು. ಸಾಲ ಕೊಡಿಸುವವನಿಗೆ ಆ ನಂಬರ್ ಇಲ್ಲ. ಅವನು ನಿಜಕ್ಕೂ ಆ ಬ್ಯಾಂಕಿನ ಏಜೆಂಟ್ ಹೌದೋ ಎಂದು ಶಾಖೆಯಲ್ಲೇ ವಿಚಾರಿಸಬೇಕು.

ಲೆಕ್ಕದ ಕಡೆಯೂ ಗಮನವಿರಲಿ. 30 ಲಕ್ಷ ರೂ. ಸಾಲಕ್ಕೆ 20 ವರ್ಷಗಳ ಅವಧಿಯಲ್ಲಿ ಶೇ. 8.5 ಬಡ್ಡಿಯಾದರೆ ಕಂತು ಸುಮಾರು 26,035 ರೂ. ಬಡ್ಡಿ ಶೇ. 9 ಆದರೆ ಸುಮಾರು 26,992 ರೂ. ಅರ್ಧ ಶೇಕಡಾ ಎಂದರೆ ಏನು ಮಹಾ ಎನಿಸಬಹುದು. ಅವಧಿ ಮುಗಿಯುವಾಗ ವ್ಯತ್ಯಾಸ ಸುಮಾರು 2.3 ಲಕ್ಷ ರೂ. ಆಗಿರುತ್ತದೆ. ಸಾಲದ ಜೊತೆಗೆ ಒಂದೇ ಗಂಟಿನ ವಿಮಾ ಪ್ರೀಮಿಯಂ ಸೇರಿಸುವುದು ಇನ್ನೊಂದು ರೂಢಿ. 1 ಲಕ್ಷ ರೂ. ಪ್ರೀಮಿಯಂ ಸಾಲಕ್ಕೆ ಸೇರಿದರೆ ಅದೇ ಶೇ. 8.5ರ ದರದಲ್ಲಿ 20 ವರ್ಷಕ್ಕೆ 2.08 ಲಕ್ಷ ರೂ. ತೆರಬೇಕಾಗುತ್ತದೆ. ಮನೆಯ ಯಜಮಾನನಿಗೆ ವಿಮೆ ಬೇಕು, ನಿಜ. ಆದರೆ ಏಜೆಂಟ್ ತಂದ ಪಾಲಿಸಿಯನ್ನೇ ಕೊಳ್ಳಬೇಕೆಂಬ ಕಡ್ಡಾಯವಿಲ್ಲ.

ಈ ವಿಷಯದಲ್ಲಿ ಗ್ರಾಹಕನ ಕೈಗೆ ಒಂದು ಒಳ್ಳೆಯ ಅಸ್ತ್ರ ಬಂದಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಪ್ರತಿಯೊಂದು ಗೃಹ ಸಾಲಕ್ಕೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ನೀಡಬೇಕು. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲವೂ ಸೇರಿ ವಾರ್ಷಿಕ ವೆಚ್ಚ ಶೇಕಡಾ ಎಷ್ಟು ಎಂಬುದು ಅದರಲ್ಲಿರುತ್ತದೆ. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಎರಡು ಮೂರು ಸಂಸ್ಥೆಗಳ ಈ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಅಗ್ಗವೆಂದು ಏಜೆಂಟನ ಬಾಯಿಂದ ಕೇಳಬೇಕಾಗಿಲ್ಲ.

ನಮ್ಮವರಲ್ಲಿ ಹೆಚ್ಚಾಗಿ ಕಾಣುವ ಮತ್ತೊಂದು ಅಪಾಯವಿದೆ. ಹೊಟೇಲು ನೌಕರರಲ್ಲಿ ಸಂಬಳವನ್ನು ನಗದಾಗಿ ಪಡೆಯುವವರು ಬಹಳ. ಸ್ಯಾಲರಿ ಸ್ಲಿಪ್ ಇರುವುದಿಲ್ಲ. ‘ಕಾಗದ ನಾನು ಮಾಡಿಸುತ್ತೇನೆ’ ಎಂದು ಏಜೆಂಟ್ ಧೈರ್ಯ ಹೇಳುತ್ತಾನೆ. ಸುಳ್ಳು ಸ್ಲಿಪ್ ತಯಾರಿಸಿದವನು ಅವನಾದರೂ ಅರ್ಜಿಯ ಕೆಳಗಿನ ಸಹಿ ನಮ್ಮದು. ನಾಳೆ ವಂಚನೆಯ ಕೇಸಾದರೆ ಮೊದಲು ಹುಡುಕುವುದು ಸಹಿ ಹಾಕಿದವನನ್ನೇ. ಇದರ ಬದಲು ಸಂಬಳವನ್ನು ಖಾತೆಗೆ ಹಾಕಿಸಿಕೊಂಡು, ಎರಡು ಮೂರು ವರ್ಷ ರಿಟರ್ನ್ ಸಲ್ಲಿಸಿ ಸಾಲ ಕೇಳುವುದು ತಡವಾದರೂ ಕ್ಷೇಮ. ಖಾಲಿ ಫಾರ್ಮಿಗೆ, ಖಾಲಿ ಚೆಕ್ಕಿಗೆ ಸಹಿಯಂತೂ ಸರ್ವಥಾ ಕೂಡದು.

‘ಈಗ ಶೇ. 20 ಕೊಡಿ, ಮನೆ ಸಿಗುವವರೆಗೆ ಬಡ್ಡಿ ಬಿಲ್ಡರನದು’ ಎಂಬ ಯೋಜನೆಗಳೂ ಬಂದಿದ್ದವು. ಬಿಲ್ಡರ್ ಬಡ್ಡಿ ನಿಲ್ಲಿಸಿದೊಡನೆ ಬ್ಯಾಂಕು ಹಿಡಿಯುವುದು ಸಾಲಗಾರನನ್ನು. ಕಟ್ಟಡ ಏರಿದಷ್ಟೇ ಹಣ ಬಿಡುಗಡೆ ಮಾಡಬೇಕೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಆದರೂ ದಿಲ್ಲಿ ಸುತ್ತಮುತ್ತ ಇಂಥ ಯೋಜನೆಗಳಲ್ಲಿ ಸಿಲುಕಿದವರ ಅಹವಾಲು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬ್ಯಾಂಕು-ಬಿಲ್ಡರ್ ಒಳಒಪ್ಪಂದದ ಆರೋಪದ ಮೇಲೆ 22 ಪ್ರಕರಣ ದಾಖಲಿಸಲು ಕೋರ್ಟು 2025ರ ಜುಲೈಯಲ್ಲಿ ಸಿಬಿಐಗೆ ಅನುಮತಿ ನೀಡಿತು.

ಆದ್ದರಿಂದ ಬುಕ್ಕಿಂಗಿಗೆ ಮುನ್ನ ಕೆಲವು ಕೆಲಸಗಳನ್ನು ನಾವೇ ಮಾಡಬೇಕು. ಮೊದಲನೆಯದು, ಬಿಲ್ಡರ್ ತೋರಿಸುವ ಸಿಸಿ, ಅಂದರೆ ಕಟ್ಟಡ ಆರಂಭದ ಪರವಾನಗಿಯ ನಂಬರನ್ನು ಪಾಲಿಕೆಯ ನಗರ ಯೋಜನಾ ವಿಭಾಗದಲ್ಲಿ ತಾಳೆ ನೋಡುವುದು. ಸಿಸಿ ಹಂತಹಂತವಾಗಿ ಸಿಗುವುದರಿಂದ ಹತ್ತನೆಯ ಮಹಡಿಯ ಫ್ಲ್ಯಾಟ್ ಮಾರುತ್ತಿದ್ದರೂ ಪರವಾನಗಿ ಏಳನೆಯದರವರೆಗೆ ಮಾತ್ರ ಇದ್ದೀತು. ಎರಡನೆಯದು, ಮಹಾರೇರಾ ವೆಬ್‌ಸೈಟಿನಲ್ಲಿ ಆ ಜಾಗ ಈಗಾಗಲೇ ಬೇರೆಡೆ ಅಡವಿದೆಯೇ, ಕೇಸುಗಳಿವೆಯೇ ಎಂದು ನೋಡುವುದು. ಅಡವಿದ್ದರೆ ನಮ್ಮ ಫ್ಲ್ಯಾಟಿನ ಮಟ್ಟಿಗೆ ಆ ಸಂಸ್ಥೆಯ ಎನ್ಒಸಿ ಬೇಕು. ಮೂರನೆಯದು, ಸಾತ್‌ಬಾರಾ ಮತ್ತು ಟೈಟಲ್ ಪತ್ರಗಳನ್ನು ಬಿಲ್ಡರನಿಗೂ ಬ್ಯಾಂಕಿಗೂ ಸಂಬಂಧಪಡದ ವಕೀಲರಿಗೆ ತೋರಿಸುವುದು. ಲಕ್ಷಗಟ್ಟಲೆ ವ್ಯವಹಾರದಲ್ಲಿ ಈ ಶುಲ್ಕ ಏನೇನೂ ಅಲ್ಲ. ನಾಲ್ಕನೆಯದು, ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯಲು ರೇರಾದ 13ನೇ ಕಲಂ ಬಿಲ್ಡರನಿಗೆ ಅವಕಾಶ ಕೊಡುವುದಿಲ್ಲ ಎಂಬುದನ್ನು ನೆನಪಿಡುವುದು.

ಕೈಯಲ್ಲಿರಬೇಕಾದ ಹಣದ ಲೆಕ್ಕವೂ ಸ್ಪಷ್ಟವಿರಲಿ. 30 ಲಕ್ಷದವರೆಗಿನ ಸಾಲವನ್ನು ಮನೆಯ ಬೆಲೆಯ ಶೇ. 90ರಷ್ಟು, 30ರಿಂದ 75 ಲಕ್ಷದವರೆಗೆ ಶೇ. 80ರಷ್ಟು, ಅದಕ್ಕೂ ಮೇಲೆ ಶೇ. 75ರಷ್ಟು ಮಾತ್ರ ಕೊಡಬಹುದು. ‘ನೂರಕ್ಕೆ ನೂರು ಕೊಡಿಸುತ್ತೇನೆ’ ಎನ್ನುವ ಏಜೆಂಟ್ ಬೆಲೆಯನ್ನು ಕಾಗದದಲ್ಲಿ ಉಬ್ಬಿಸುತ್ತಾನೆ ಅಥವಾ ಕೊರತೆಗೆ ದುಬಾರಿ ಬಡ್ಡಿಯ ಪರ್ಸನಲ್ ಲೋನ್ ಹಚ್ಚುತ್ತಾನೆ. ಎರಡೂ ನಮ್ಮ ತಲೆಗೇ ಬರುವಂಥದ್ದು.

ಏಜೆಂಟನಿಂದ ಅನ್ಯಾಯವಾದರೆ ಅವನನ್ನು ನೇಮಿಸಿದ ಬ್ಯಾಂಕು ಜಾರಿಕೊಳ್ಳುವಂತಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಖರ್ಚಿಲ್ಲದೆ ಹೋಗಬಹುದು. ಹೌಸಿಂಗ್ ಫೈನಾನ್ಸ್ ಕಂಪೆನಿಯಾದರೆ ದೂರು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ.

ನಮ್ಮ ಸಂಘ-ಸಂಸ್ಥೆಗಳಲ್ಲಿ ವಕೀಲರು, ಲೆಕ್ಕ ಪರಿಶೋಧಕರು, ಬ್ಯಾಂಕಿನವರು, ಪಾಲಿಕೆ ನೌಕರರು ಎಲ್ಲರೂ ಇದ್ದಾರೆ. ವಾರ್ಷಿಕೋತ್ಸವ, ಅರಸಿನ ಕುಂಕುಮ, ವಿದ್ಯಾರ್ಥಿವೇತನ ವಿತರಣೆಯಂತೆಯೇ ತಿಂಗಳಿಗೊಂದು ಭಾನುವಾರ ಸಂಘದ ಕಚೇರಿಯಲ್ಲಿ ಮನೆ ಕೊಳ್ಳುವವರ ಕಾಗದ ಪತ್ರ ನೋಡಿಕೊಡುವ ಏರ್ಪಾಡು ಮಾಡುವುದು ಕಷ್ಟವೇನಲ್ಲ. ಸದಸ್ಯರೂ ಟೋಕನ್ ಕೊಟ್ಟ ಮೇಲೆ ಓಡಿಬರುವ ಬದಲು ಕೊಡುವ ಮೊದಲು ಬರಬೇಕು. ಊರಿನ ಗದ್ದೆ ಮಾರಿ, ಹೆಂಡತಿಯ ಚಿನ್ನ ಅಡವಿಟ್ಟು ತಂದ ಹಣ ಒಮ್ಮೆ ಬಿಲ್ಡರನ ಕೈ ಸೇರಿದರೆ ಅದನ್ನು ಹಿಂದಕ್ಕೆ ತರಲು ಸಂಘಕ್ಕೂ ಸಾಧ್ಯವಿಲ್ಲ, ಏಜೆಂಟನಿಗೆ ಮನಸ್ಸೂ ಇರುವುದಿಲ್ಲ.