ತಕ್ಕಡಿಗೆ ವರ್ಷಕ್ಕೊಂದು ಮುದ್ರೆ, ಕಣ್ಣು ನೋಡುವ ಮಷಿನ್‌ಗೆ?

ಹೋದ ತಿಂಗಳು ನಮ್ಮೂರಿನ ಶಾಲೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಉಚಿತ ಕಣ್ಣಿನ ಕ್ಯಾಂಪ್ ನಡೆಯಿತು. ನಮ್ಮ ಸೋದರತ್ತೆಯೂ ಒಂದು ದಿನದ ಕೂಲಿ ಬಿಟ್ಟು ಹೋಗಿದ್ದರು. ಕ್ಯಾಂಪಿನ ಹುಡುಗ ಮೊದಲು ಕೇಳಿದ್ದು ಆಧಾರ್. ಆಮೇಲೆ, "ಅಜ್ಜಿ, ಓಟಿಪಿ ಬಂತಾ ನೋಡ್ರಿ" ಅಂದ. ನಂಬರ್ ಹೇಳಿದ್ದಾಯಿತು, ಕ್ಯಾಮೆರಾ ಮುಂದೆ ಗಲ್ಲ ಊರಿ ಕೂತದ್ದೂ ಆಯಿತು. ಫೋಟೊ ನೋಡಿದ ಕಂಪ್ಯೂಟರ್ ಕೊಟ್ಟ ಉತ್ತರ ಒಂದೇ: ಚಿತ್ರ ಸ್ಪಷ್ಟವಿಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ ತೋರಿಸಿ.

ಬಸ್ಸಿಗೆ ದುಡ್ಡಿಲ್ಲ ಸರಿ, ಆದರೆ ಇನ್ನೊಂದು ದಿನದ ಕೂಲಿ ಹೋಯಿತಲ್ಲ? ಸಂಜೆ ಜಗಲಿ ಮೇಲೆ ಕೂತು ಅತ್ತೆ ಹೇಳಿದ್ದು ಇಷ್ಟು: "ನನ್ನ ಕಣ್ಣಾಗೆ ಏನೈತೆ ಅಂತ ಯಾರೂ ಹೇಳಲಿಲ್ಲ. ನನ್ನ ಫೋನ್ನಾಗಿನ ನಂಬರ್ ಮಾತ್ರ ಎಲ್ಲಾರೂ ಕೇಳಿದ್ರು."

ಆ ಮಾತನ್ನು ಹಿಡಿದೇ ನಾವು ಇದನ್ನು ಬರೆಯುತ್ತಿದ್ದೇವೆ.

ಕೃತಕ ಬುದ್ಧಿಮತ್ತೆ, ಅಂದರೆ ಎಐ, ಬೇಡ ಅನ್ನುವವರು ನಾವಲ್ಲ. ಸಕ್ಕರೆ ಕಾಯಿಲೆ ಹಳೆಯದಾದಂತೆ ಕಣ್ಣಿನ ಹಿಂಭಾಗದ ಪರದೆಯ ಸಣ್ಣ ರಕ್ತನಾಳಗಳು ಕೆಡುತ್ತವೆ. ಮೊದಮೊದಲು ನೋವಿಲ್ಲ, ದೃಷ್ಟಿಯೂ ಮಂಜಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಪ್ರತಿ ಹಳ್ಳಿಗೂ ಕಣ್ಣಿನ ಡಾಕ್ಟರ್ ಬರಲಾರರು, ಕ್ಯಾಮೆರಾ ಬರಬಹುದು. ಅದಕ್ಕೇ ಈ ಮಷಿನ್‌ಗಳ ಮೇಲೆ ಇಷ್ಟು ಆಸೆ.

ಆದರೆ ಈ ಮಷಿನ್ ಕಲಿಯುವುದು ಹೇಗೆ? ಮಂಡಿ ಸಾಹುಕಾರರು ಸಾವಿರಾರು ರಾಶಿ ನೋಡಿ ನೋಡಿ ಕಾಳಿನ ಗುಣ ಹೇಳುತ್ತಾರಲ್ಲ, ಹಾಗೆ. ಡಾಕ್ಟರು "ಇದರಲ್ಲಿ ರೋಗ ಇದೆ, ಇದರಲ್ಲಿ ಇಲ್ಲ" ಎಂದು ಗುರುತು ಹಾಕಿದ ಫೋಟೊಗಳನ್ನು ಅದಕ್ಕೆ ತೋರಿಸುತ್ತಾರೆ. ಈ ಕೆಲಸದಲ್ಲಿ ಹೆಸರು ಮಾಡಿದ್ದು ಗೂಗಲ್. 2016ರಲ್ಲಿ ಅದು ಪ್ರಕಟಿಸಿದ ಅಧ್ಯಯನದಲ್ಲಿ ಮಷಿನ್‌ಗೆ ಕಲಿಸಲು ಬಳಸಿದ್ದು 1,28,175 ಕಣ್ಣಿನ ಚಿತ್ರಗಳು. ಗುರುತು ಹಾಕಿದವರು ಅಮೆರಿಕದ 54 ಕಣ್ಣಿನ ವೈದ್ಯರು. ಚಿತ್ರಗಳು ಬಂದದ್ದು ಅಮೆರಿಕದಿಂದ ಮತ್ತು ಭಾರತದ ಮೂರು ಆಸ್ಪತ್ರೆಗಳಿಂದ: ತಮಿಳುನಾಡಿನ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಹೆಸರು, ವಿಳಾಸ ತೆಗೆದ ಚಿತ್ರಗಳವು. ಅಂದರೆ ಈ ಮಷಿನ್‌ಗೆ ಪಾಠ ಹೇಳಿದವರಲ್ಲಿ ನಮ್ಮ ರಾಜ್ಯದ ರೋಗಿಗಳೂ ಇದ್ದಾರೆ.

ಪರೀಕ್ಷೆಯಲ್ಲಿ ಮಷಿನ್ ಒಳ್ಳೆಯ ಮಾರ್ಕ್ಸ್ ತೆಗೆಯಿತು. ಆಮೇಲೆ ಗೂಗಲ್‌ನವರು ಅದನ್ನು ಥಾಯ್ಲೆಂಡಿನ 11 ಸರ್ಕಾರಿ ಕ್ಲಿನಿಕ್‌ಗಳಿಗೆ ಒಯ್ದರು. ಅಲ್ಲಿ ಆದದ್ದನ್ನು 2020ರಲ್ಲಿ ಅವರೇ ಬರೆದುಕೊಂಡಿದ್ದಾರೆ. ಐದರಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರಗಳನ್ನು ಮಷಿನ್ "ಸ್ಪಷ್ಟವಿಲ್ಲ" ಎಂದು ವಾಪಸ್ ಕಳಿಸಿತು. ಕಾರಣ ದೊಡ್ಡದೇನಲ್ಲ. ಕೋಣೆ ಸಾಕಷ್ಟು ಕತ್ತಲಾಗಿರಲಿಲ್ಲ. ನೆಟ್ ನಿಧಾನ ಇದ್ದದ್ದರಿಂದ ಚಿತ್ರ ಕಳಿಸುವುದೂ ತಡವಾಗುತ್ತಿತ್ತು. ಹಾಗೆ ವಾಪಸ್ ಬಂದ ರೋಗಿಗಳು ಇನ್ನೊಂದು ದಿನ ಬೇರೆ ಆಸ್ಪತ್ರೆಗೆ ಅಲೆಯಬೇಕಾಯಿತು.

ಇದನ್ನು ಓದಿದಾಗ ನಮಗೆ ನೆನಪಾದದ್ದು ನಮ್ಮ ಶಾಲೆಯ ಕೊಠಡಿ. ಕಿಟಕಿಗೆ ಬಾಗಿಲಿಲ್ಲ, ಹೊದಿಸಿದ್ದು ಒಂದು ಬೆಡ್‌ಶೀಟ್. ನಮ್ಮ ಕ್ಯಾಂಪಿಗೆ ಬಂದ ಮಷಿನ್ ಯಾರದು ಎಂದು ಯಾರೂ ಹೇಳಲಿಲ್ಲ, ಗೂಗಲ್‌ನದೇ ಎಂದು ನಾವೂ ಹೇಳುವುದಿಲ್ಲ. ತೊಂದರೆ ಮಾತ್ರ ಅದೇ. ಲ್ಯಾಬಿನಲ್ಲಿ ಪಾಸಾದದ್ದು ಹಳ್ಳಿ ಶಾಲೆಯಲ್ಲೂ ಪಾಸಾಗುತ್ತದೆ ಎಂಬ ಗ್ಯಾರಂಟಿ ಇಲ್ಲ.

ಕೇಂದ್ರ ಸರ್ಕಾರ 2020ರಲ್ಲೇ ರೋಗ ಪತ್ತೆ ಮಾಡುವ ಸಾಫ್ಟ್‌ವೇರನ್ನೂ ವೈದ್ಯಕೀಯ ಸಾಧನಗಳ ನಿಯಮದೊಳಗೆ ತಂದಿದೆ. ಒಳ್ಳೆಯದು. ಆದರೆ ಸಂತೆಯ ತಕ್ಕಡಿ ನೋಡಿ. ಕಾರ್ಖಾನೆಯಿಂದ ಸರಿಯಾಗಿಯೇ ಬಂದಿರುತ್ತದೆ. ಆದರೂ ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಕಾನೂನು ಮಾಪನ ಇಲಾಖೆಯ ಮುದ್ರೆ ಆಗಲೇಬೇಕು. ಡೇರಿಯ ಫ್ಯಾಟ್ ಮಷಿನ್ ಎರಡು ಪಾಯಿಂಟ್ ಕಡಿಮೆ ತೋರಿಸಿದರೆ ನಾವು ಕ್ಯಾನ್ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತೇವೆ. ಹಾಲಿಗೆ ಇರುವ ಈ ಎಚ್ಚರ ಕಣ್ಣಿಗೆ ಬೇಡವೇ?

ಇನ್ನು ಓಟಿಪಿ ವಿಷಯ. ಓಟಿಪಿ ಕೊಟ್ಟರೆ ಅದೇ ಒಪ್ಪಿಗೆ ಎಂಬಂತೆ ಕ್ಯಾಂಪ್‌ಗಳು ನಡೆಯುತ್ತಿವೆ. ಯಾವುದಕ್ಕೆ ಒಪ್ಪಿಗೆ ಎಂದು ಅತ್ತೆಗೆ ಗೊತ್ತಿಲ್ಲ. ಅಭಾ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ ಮಾಡಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಅದಿಲ್ಲ ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ನಮಗೆ ಬಹಳ ಬೇಕಾದ ಒಂದು ಮಾತಿದೆ. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಆ ಪಟ್ಟಿಯಲ್ಲಿ ಕನ್ನಡ ಇದೆ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಜಾರಿ ಹಂತಹಂತವಾಗಿ.

ಆದರೆ ಅದೇ ಕಾಯ್ದೆ ಸಂಶೋಧನೆಗೆ ಕೆಲವು ಷರತ್ತುಗಳ ಮೇಲೆ ವಿನಾಯಿತಿಯನ್ನೂ ಕೊಟ್ಟಿದೆ. ಮಷಿನ್‌ಗೆ ಕಲಿಸುವುದನ್ನು ಸಂಶೋಧನೆ ಎಂದು ಕರೆದುಬಿಟ್ಟರೆ? ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ ಆದೀತು ಎಂಬುದು ನಮ್ಮ ಭಯ. ಭಯಕ್ಕೆ ಕಾರಣವೂ ಇದೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗಳು ಸುಮಾರು 16 ಲಕ್ಷ ರೋಗಿಗಳ ವಿವರವನ್ನು ಗೂಗಲ್‌ನ ಡೀಪ್‌ಮೈಂಡ್ ಕಂಪನಿಗೆ ಕೊಟ್ಟಿದ್ದವು. ಒಂದು ಆ್ಯಪ್ ಪರೀಕ್ಷಿಸುವುದಕ್ಕೆ. ರೋಗಿಗಳಿಗೆ ಸರಿಯಾಗಿ ತಿಳಿಸಿರಲಿಲ್ಲ, ಇದು ಡೇಟಾ ಕಾನೂನಿಗೆ ವಿರುದ್ಧ ಎಂದು ಬ್ರಿಟನ್ನಿನ ಮಾಹಿತಿ ಆಯುಕ್ತರು 2017ರ ಜುಲೈನಲ್ಲಿ ಹೇಳಿದರು. ಓದು ಬರಹ ಬಲ್ಲ ಲಂಡನ್ನಿನವರಿಗೇ ಹೀಗಾದರೆ ನಮ್ಮ ಅತ್ತೆಯ ಪಾಡೇನು?

ಹಾಗಾಗಿ ನಾವು ಕೇಳುವುದು ಮೂರು.

ಒಂದು, ಎಐ ಮಷಿನ್ ಬಂದ ತಾಲ್ಲೂಕಿನಲ್ಲಿ ವರ್ಷಕ್ಕೊಮ್ಮೆಯಾದರೂ ಅದರ ಉತ್ತರವನ್ನು ಕಣ್ಣಿನ ಡಾಕ್ಟರ್ ಉತ್ತರದ ಜೊತೆ ಇಟ್ಟು ನೋಡಬೇಕು. ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು "ಸ್ಪಷ್ಟವಿಲ್ಲ" ಎಂಬುದನ್ನು ಕನ್ನಡದಲ್ಲಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಬೇಕು. ಕ್ಯಾಮೆರಾ ಹಿಡಿಯುವ ಸಿಬ್ಬಂದಿಗೆ ತರಬೇತಿ ಕೊಡದೆ ಕ್ಯಾಂಪಿಗೆ ಕಳಿಸಬಾರದು.

ಎರಡು, ಓಟಿಪಿ ಕೇಳುವ ಮೊದಲು ಏತಕ್ಕೆ ಎಂದು ಕನ್ನಡದಲ್ಲಿ ಓದಿ ಹೇಳಬೇಕು. ಚಿಕಿತ್ಸೆಗೆ ಒಂದು ಒಪ್ಪಿಗೆ, ಮಷಿನ್‌ಗೆ ಕಲಿಸಲು ಇನ್ನೊಂದು ಒಪ್ಪಿಗೆ. ಎರಡನೆಯದಕ್ಕೆ "ಬೇಡ" ಅಂದವರಿಗೂ ಮೊದಲನೆಯದು ಸಿಗಬೇಕು.

ಮೂರು, ಸರ್ಕಾರಿ ಕ್ಯಾಂಪಿನ ಚಿತ್ರಗಳು ಯಾರಿಗೆ, ಯಾವ ಕೆಲಸಕ್ಕೆ ಹೋದವು ಎಂಬ ಪಟ್ಟಿ ಬಹಿರಂಗವಾಗಬೇಕು. ನಮ್ಮ ಕಣ್ಣು ನೋಡಿ ಕಲಿತ ಮಷಿನ್ ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಸಿಗಬೇಕು.

ಇದಕ್ಕೆ ವಿಧಾನಸೌಧದ ತನಕ ಹೋಗಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಆರೋಗ್ಯ ಇಲಾಖೆಯವರು ಬಂದಾಗ ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಅತ್ತೆ ಕೊನೆಗೆ ಜಿಲ್ಲಾಸ್ಪತ್ರೆಗೆ ಹೋಗಿ ಬಂದರು. ಕಣ್ಣಲ್ಲಿ ಪೊರೆ ಬಂದಿದೆಯಂತೆ, ಅದಕ್ಕೇ ಫೋಟೊ ಮಸುಕಾಗಿತ್ತು. ಆ ಒಂದು ಮಾತನ್ನು ಡಾಕ್ಟರ್ ಅರ್ಧ ನಿಮಿಷದಲ್ಲಿ ಹೇಳಿದರು. ಓಟಿಪಿ ಕೇಳಲಿಲ್ಲ.